ಇನ್ನೊಂದು ಹೊಲಿಗೆ ಒಳಗೆ

ಕ್ರಾಂತಿ ಟೀಚರ್ ನಾಲ್ಕನೇ ಸಲ ಅದೇ ನೀಲಿ ಜಂಪರ್ ಹಿಡಿದು ಅಂಗಡಿಗೆ ಬಂದಾಗ ಭೀಮರಾಜ ಹೊಲಿಗೆ ಮಷಿನ್ ನಿಲ್ಲಿಸಿದ.

"ಇನ್ನೊಂದು ಹೊಲಿಗಿ ಒಳಗ ಹಾಕ್ರಿ. ಸಡ್ಲ ಆಗೈತಿ."

ಕೊಟ್ಟೂರಿನ ಹೈಸ್ಕೂಲಿಗೆ ಹೊಸದಾಗಿ ಬಂದ ಈ ಟೀಚರ್ ಪದೇಪದೇ ಅಂಗಡಿ ಮೆಟ್ಟಿಲೇರುವುದು ಮೊದಮೊದಲು ಅವನಿಗೆ ಹಬ್ಬವಾಗಿತ್ತು. ಇಸ್ತ್ರಿ ಶರ್ಟು ಹಾಕಿ ಕಾಯುತ್ತಿದ್ದ. ಈಗ ಹೆದರಿಕೆ. ಎರಡು ತಿಂಗಳಲ್ಲಿ ಮೂರು ಇಂಚು ಕ್ರಾಂತಿ ಕಾಣೆಯಾಗಿದ್ದಳು.

"ಹಾಕಂಗಿಲ್ರಿ."

"ಯಾಕ್ರಿ, ದಾರ ತೀರೇತೇನು?"

"ದಾರ ಐತ್ರಿ. ನೀವ ತೀರಾಕತ್ತೀರಿ."

ಓರೆಗಣ್ಣಲ್ಲಿ ಅವನನ್ನು ಸುಟ್ಟು ಹೊರಟವಳು ಎರಡು ಹೆಜ್ಜೆಗೇ ತಲೆ ಸುತ್ತಿ ಸ್ಟೂಲಿನ ಮೇಲೆ ಕುಸಿದಳು. ಭೀಮರಾಜ ಎದುರಂಗಡಿಗೆ ಓಡಿ ಮಂಡಕ್ಕಿ, ಮಿರ್ಚಿ ಬಜ್ಜಿ ತಂದ. ಅವಳು ಮಿರ್ಚಿಯನ್ನು ಹಾವು ನೋಡಿದಂತೆ ನೋಡಿದಳು.

"ತಿಂದ್ರ ಅಂಜಿಕಿ ಆಕ್ಕೈತ್ರಿ. ಬಾಯಾಗ ಬೆರಳು ಹಾಕಿ ಹೊರಗ ಹಾಕಿಬಿಡ್ತೀನಿ."

ಮೆಲ್ಲಗೆ ಎಲ್ಲ ಹೇಳಿದಳು. ಚಿಗಟೇರಿಯ ಅಜ್ಜಿ ಜೋಗಮ್ಮನಿಗೆ ಮೈ ತುಂಬಿದ ಹುಡುಗಿಯೇ ಚೆಲುವೆ. ಹೋಳಿಗೆಗೆ ತುಪ್ಪ ಸುರಿದು ಬೆಳೆಸಿದ್ದಳು. ಬಿ.ಎಡ್. ಓದಲು ಬೆಂಗಳೂರಿಗೆ ಹೋದರೆ, ಹಾಸ್ಟೆಲ್ ಗೋಡೆಯ ತುಂಬ ಕಡ್ಡಿಯಂಥ ಬಿಳಿ ಮಾಡೆಲ್‌ಗಳ ಚಿತ್ರ. ಗೆಳತಿಯರು ಇವಳಿಗಿಟ್ಟ ಹೆಸರು ರಾಗಿಮುದ್ದೆ. ಬಣ್ಣವಂತೂ ಬದಲಾಗದು, ಮೈಯಾದರೂ ಕರಗಲಿ ಎಂದು ತಟ್ಟೆಯ ಜೊತೆ ಠೂ ಬಿಟ್ಟಿದ್ದಳು.

ಭೀಮರಾಜ ನಗಲಿಲ್ಲ. "ಡಾಕ್ಟರ್ ಹತ್ರ ಹೋಗಾಣ ಬರ್ರಿ. ನಾನೂ ಬರ್ತೀನಿ."

ಡಾಕ್ಟರಮ್ಮ ಅವನ ಕೊರಳಲ್ಲಿ ನೇತಾಡುತ್ತಿದ್ದ ಟೇಪು ನೋಡಿ, "ಇವರು ನಿಮಗೇನಾಗಬೇಕು?" ಎಂದರು.

"ಟೇಲರ್ ರೀ," ಎಂದ ಭೀಮರಾಜ.

ಡಾಕ್ಟರಮ್ಮನ ಪೆನ್ನು ನಿಂತಿತು. ಕ್ರಾಂತಿ ನೆಲ ನೋಡುತ್ತ, "ನನ್ನ ಅಳತಿ ಗೊತ್ತಿರೋರು," ಎಂದಳು. ಅವನ ಕಿವಿ ಬಿಸಿಯಾಯಿತು.

ಒಂದೇ ದಿನಕ್ಕೆ ವಾಸಿಯಾಗುವ ಕಾಯಿಲೆಯಲ್ಲ ಅದು. ಡಾಕ್ಟರಮ್ಮ ದಾವಣಗೆರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಕೆಲವು ವಾರ ಚಪಾತಿ ಗೆದ್ದಿತು, ಕೆಲವು ವಾರ ಅಂಜಿಕೆ. ಶನಿವಾರದ ದಾವಣಗೆರೆ ಬಸ್ಸಿನಲ್ಲಿ ಭೀಮರಾಜ ಎರಡು ಸೀಟು ಹಿಂದೆ ಕೂರುತ್ತಿದ್ದ. ಆಮೇಲೆ ಒಂದು ಸೀಟು ಹಿಂದೆ. ಮಳೆಗಾಲ ಮುಗಿಯುವ ಹೊತ್ತಿಗೆ ಪಕ್ಕದಲ್ಲೇ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಅವಳಿಗೆ ಕೆಂಪು ಬಟ್ಟೆ ಹರವಿ ತೋರಿಸಿದ. "ಮದುವಿ ಜಂಪರ್‌ಗೆ ಚಲೋ ಅಲ್ರಿ?"

"ಯಾರ ಮದುವಿ?"

"ಹುಡುಗ ನಾನ. ಹುಡುಗಿ ಹೂಂ ಅನ್ನಬೇಕು."

ಅವಳು ಬಟ್ಟೆಯನ್ನು ಬಹಳ ಹೊತ್ತು ಸವರಿದಳು. ಭೀಮರಾಜ ಕೊರಳಿನ ಟೇಪು ತೆಗೆದ.

"ಈಗ ಬ್ಯಾಡ," ಎಂದಳು ಕ್ರಾಂತಿ. "ಮೊದಲು ಇಬ್ರೂ ಉಂಡು ಬರೂಣು. ಅಳತಿ ಆಮ್ಯಾಲೆ ತಗಳ್ರಿ."