ಪ್ಲೇಟು ಮಗುಚಿದ ಮೈಲಾರಿ

ಬಹಳ ಬಹಳ ಕಾಲದ ಹಿಂದೆ ಸುರಗಿಪುರ ಎಂಬ ರಾಜ್ಯವಿತ್ತು. ಅಲ್ಲಿಯ ರಾಜ ಹೇಗಿದ್ದ, ಅವನ ಮೀಸೆ ಎಷ್ಟುದ್ದ ಎಂಬುದೆಲ್ಲ ನನಗೆ ಗೊತ್ತಿಲ್ಲ. ಮನೆಮನೆಯಲ್ಲೂ ಹಿತ್ತಾಳೆ ಕಹಳೆಯ ಒಂದೊಂದು ಹಾಡುಪೆಟ್ಟಿಗೆ ಇತ್ತು ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಕೀಲಿ ತಿರುಗಿಸಿ, ಕಪ್ಪು ಪ್ಲೇಟಿನ ಮೇಲೆ ಮುಳ್ಳು ಇಟ್ಟರೆ ಪೆಟ್ಟಿಗೆ ಹಾಡುತ್ತಿತ್ತು. ಪ್ಲೇಟಿನ ಒಂದು ಮಗ್ಗುಲು ಮುಗಿದಾಗ ಕೇಳಿದವರೆಲ್ಲ ಕೈಮುಗಿದು, "ಹಾಡಿದವರು ಸುಖವಾಗಿರಲಿ" ಎನ್ನಬೇಕು. ಉಂಡವರು ಬಡಿಸಿದವರನ್ನು ಹರಸುವುದಿಲ್ಲವೆ, ಹಾಗೆ. ಆಮೇಲೆ ಯಾರಾದರೂ ಎದ್ದು ಹೋಗಿ ಪ್ಲೇಟು ಮಗುಚಬೇಕು.

ಈ 'ಯಾರಾದರೂ' ಎನ್ನುವವರು ಯಾರೆಂದು ನಿಮಗೆ ಗೊತ್ತೇ ಇದೆ. ಮೈಲಾರಿಯ ಮನೆಯಲ್ಲಿ ಅದು ಅವನ ತಾಯಿ ಸಾತವ್ವ. ಮೈಲಾರಿ ಜಾಲಿಯ ಮುಳ್ಳುಗಳನ್ನು ಆರಿಸಿ, ಕಾಯಿಸಿ, ಮಸೆದು ಊರಿನ ಹಾಡುಪೆಟ್ಟಿಗೆಗಳಿಗೆಲ್ಲ ಕೊಡುತ್ತಿದ್ದ ಹುಡುಗ. ದಿನವಿಡೀ ಅಲೆದು ಬಂದು ಗೋಡೆಗೆ ಒರಗಿ ಕೂತರೆ ಮತ್ತೆ ಏಳುತ್ತಿರಲಿಲ್ಲ. ಸಾತವ್ವನೇ ಏಳಬೇಕು, ಕೀಲಿ ತಿರುಗಿಸಬೇಕು, ಮಗುಚಬೇಕು. ಹಾಗೇ ಒಲೆಯ ಮೇಲಿನ ಹಾಲು ನೋಡಿ ಬಂದು ಕೂರುವಷ್ಟರಲ್ಲಿ ಹಾಡು ಅರ್ಧ ದಾರಿಗೆ ಬಂದಿರುತ್ತಿತ್ತು.

ಅವಳಿಗೆ ಇಷ್ಟವಾದ ಪ್ಲೇಟು ಒಂದೇ. ಹಾಡಿದವಳ ಹೆಸರು ಯಾರಿಗೂ ತಿಳಿಯದು. ಹಾಡು ಮುಗಿದ ಮೇಲೆ ಆ ಹೆಂಗಸು ಉಸಿರು ಬಿಟ್ಟು "ಅಬ್ಬಾ!" ಎಂದದ್ದೂ ಪ್ಲೇಟಿನಲ್ಲಿ ಉಳಿದುಬಿಟ್ಟಿತ್ತು. ಅದನ್ನು ಕೇಳಿದಾಗಲೆಲ್ಲ ಸಾತವ್ವ, "ಪಾಪ, ದಣಿದಿದ್ದಾಳೆ ಕಣೋ" ಎಂದು ನಗುತ್ತಿದ್ದಳು.

ಒಂದು ದಿನ ಕಾಡಿನಾಚೆಯ ಗವಿಯಿಂದ ಊರಿಗೆ ದೀರ್ಘಕಂಠನೆಂಬ ಮಾಂತ್ರಿಕ ಬಂದ. ಅವನ ಗಾಡಿಯ ತುಂಬ ಗಾಜಿನ ಪುಟ್ಟ ಪುಟ್ಟ ಪೆಟ್ಟಿಗೆಗಳು. ಕೀಲಿ ಇಲ್ಲ, ಮುಳ್ಳು ಇಲ್ಲ, ಗರಗರ ಸದ್ದೂ ಇಲ್ಲ. ದನಿ ಮಾತ್ರ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಇದರ ಹಾಡು ಮುಗಿಯುವುದೇ ಇಲ್ಲಪ್ಪ. ನಿನ್ನ ತಾಯಿ ಇನ್ನು ಏಳಬೇಕಾಗಿಲ್ಲ" ಎಂದ ದೀರ್ಘಕಂಠ.

"ಪ್ರತಿಯಾಗಿ ಏನು ಕೊಡಬೇಕು?"

"ಏನೂ ಬೇಡ. ಹಾಡಿದವರು ಸುಖವಾಗಿರಲಿ ಅನ್ನುತ್ತೀರಲ್ಲ, ಅದೊಂದನ್ನು ಬಿಟ್ಟುಬಿಡಿ. ಹಾಡೇ ಮುಗಿಯದ ಮೇಲೆ ಹೇಳುವುದಾದರೂ ಯಾವಾಗ?"

ಅವ್ವನ ಮಂಡಿನೋವು ನೆನಪಾಗಿ ಮೈಲಾರಿ ಸಂತೋಷದಿಂದ ಒಪ್ಪಿಕೊಂಡ. ಪೆಟ್ಟಿಗೆಯನ್ನು ಮನೆಗೆ ತಂದು ಅವ್ವನ ಮುಂದಿಟ್ಟು ಮುಳ್ಳು ಆರಿಸಲು ಹೊರಟ. ಸಂಜೆ ಬಂದು ನೋಡುತ್ತಾನೆ, ಸಾತವ್ವನ ಪಾದಗಳು ಮರವಾಗಿ ನೆಲಕ್ಕೆ ಬೇರು ಬಿಟ್ಟಿವೆ! ಅವಳು ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾಳೆ. ಮನೆಮನೆಗೂ ಗಾಜಿನ ಪೆಟ್ಟಿಗೆ ಹೋಗಿ ಊರೆಲ್ಲ ಹಾಗೇ ಆಗಿತ್ತು. ಅರಮನೆಯಲ್ಲಿ ರಾಜನೂ ಸಿಂಹಾಸನಕ್ಕೆ ಬೇರುಬಿಟ್ಟು ಕೂತಿದ್ದ. ಮೈಲಾರಿ ಪೆಟ್ಟಿಗೆಯನ್ನು ಎತ್ತಿ ಕಲ್ಲಿಗೆ ಬಡಿದ, ಒಡೆಯಲಿಲ್ಲ. ಬಾವಿಗೆ ಎಸೆದ. ಅದು ಬಾವಿಯೊಳಗಿಂದ ಇನ್ನೂ ಜೋರಾಗಿ ಹಾಡಿತು.

"ಅವ್ವಾ, ಏಳವ್ವಾ!"

"ಇರೋ ಮಗಾ, ಇದೊಂದು ಹಾಡು ಮುಗೀಲಿ" ಎಂದಳು ಸಾತವ್ವ. ಅಷ್ಟರಲ್ಲಿ ಮರ ಅವಳ ಮಂಡಿಗೆ ಏರಿತ್ತು.

ಅದು ಕಿವಿಗೆ ಏರಿದರೆ ಅವ್ವ ಇನ್ನಿಲ್ಲ ಎಂದು ಮೈಲಾರಿಗೆ ಗೊತ್ತಾಯಿತು. ತಂದವನು ತಾನೇ, ಬಿಡಿಸಬೇಕಾದವನೂ ತಾನೇ ಎಂದುಕೊಂಡ. ಕಿವಿಗೆ ಹತ್ತಿ ತುರುಕಿಕೊಂಡು, ಹಳೆಯ ಹಾಡುಪೆಟ್ಟಿಗೆಯನ್ನೂ ಅವ್ವನ ಪ್ಲೇಟನ್ನೂ ಬೆನ್ನಿಗೆ ಕಟ್ಟಿಕೊಂಡು ದೀರ್ಘಕಂಠನ ಗವಿಯನ್ನು ಹುಡುಕಿ ಹೊರಟ.

ಊರು ದಾಟಿ ಹತ್ತಿ ತೆಗೆದು ಎಸೆಯುವಷ್ಟರಲ್ಲಿ ಕಾಡಿನ ಬಾಯಲ್ಲಿ ಎರಡು ತಲೆಯ ಹುಲಿ ಅಡ್ಡ ನಿಂತಿತು. "ನಿನ್ನನ್ನು ತಿನ್ನುತ್ತೇನೆ" ಎಂದಿತು ಒಂದು ತಲೆ. "ನಾನು ಮೊದಲು" ಎಂದಿತು ಇನ್ನೊಂದು.

"ತಿನ್ನುವಿರಂತೆ. ಮೊದಲು ಒಂದು ಹಾಡು ಕೇಳಿ" ಎಂದು ಮೈಲಾರಿ ಪ್ಲೇಟು ಇಟ್ಟ. ಹಾಡು ಮುಗಿಯಿತು. "ಅಬ್ಬಾ!" ಎಂದಿತು ಪ್ಲೇಟು. ಮೈಲಾರಿ ಕೈಮುಗಿದು, "ಹಾಡಿದವರು ಸುಖವಾಗಿರಲಿ" ಎಂದ. ಹುಲಿಯ ನಾಲ್ಕು ಕಣ್ಣಲ್ಲೂ ನೀರು.

"ನಮಗೋಸ್ಕರ ಯಾರೂ ಹಾಡಿರಲಿಲ್ಲ" ಎಂದಿತು ಹುಲಿ. "ದಾರಿ ಬಿಡುತ್ತೇವೆ. ಆದರೆ ಆ ಕಹಳೆ ಕೊಟ್ಟುಹೋಗು, ನಮ್ಮ ಮರಿ ಆಡಿಕೊಳ್ಳಲಿ."

ಮೈಲಾರಿ ಕಹಳೆ ಕೊಟ್ಟು ಮುಂದೆ ನಡೆದ.

ಮುಂದೆ ಹೊಳೆ. ಹೊಳೆಗೆ ಅಡ್ಡವಾಗಿ ದೊಡ್ಡ ಹೆಬ್ಬಾವು. "ನುಂಗುತ್ತೇನೆ" ಎಂದಿತು.

"ನುಂಗುವಿಯಂತೆ. ಮೊದಲು ಒಂದು ಹಾಡು ಕೇಳು" ಎಂದ ಮೈಲಾರಿ. ಕಹಳೆ ಇಲ್ಲದ ಪೆಟ್ಟಿಗೆ ಪಿಸುಗುಟ್ಟಿದಂತೆ ಹಾಡಿತು. ಹೆಬ್ಬಾವಿಗೆ ಕಿವಿಯಿಲ್ಲವಲ್ಲ, ಗದ್ದವನ್ನು ಪೆಟ್ಟಿಗೆಯ ಮೇಲಿಟ್ಟು ಮೈಯಲ್ಲೇ ಕೇಳಿತು. ಹಾಡು ಮುಗಿದು "ಅಬ್ಬಾ!" ಎಂದಾಗ ಅದೂ ಉಸಿರು ಬಿಟ್ಟಿತು. ಆಮೇಲೆ ಪೆಟ್ಟಿಗೆಯೊಳಗಿನ ಉಕ್ಕಿನ ಸುರುಳಿಯನ್ನು ಇಣುಕಿ ನೋಡಿ, "ಅಯ್ಯೋ, ನನ್ನ ತಮ್ಮ ಇಲ್ಲಿದ್ದಾನೆ! ಇವನನ್ನು ಬಿಟ್ಟುಹೋಗು, ಹೊಳೆ ದಾಟಿಸುತ್ತೇನೆ" ಎಂದಿತು.

ಸುರುಳಿ ಹೋದರೆ ಪೆಟ್ಟಿಗೆ ತಿರುಗುವುದಿಲ್ಲ. ಆದರೂ ದಾಟದೆ ಬೇರೆ ದಾರಿಯಿರಲಿಲ್ಲ. ಮೈಲಾರಿ ಪೆಟ್ಟಿಗೆಯನ್ನೇ ಕೊಟ್ಟುಬಿಟ್ಟ. ಉಳಿದದ್ದು ಒಂದು ಪ್ಲೇಟು, ಒಂದು ಮುಳ್ಳು.

ಹೊಳೆಯಾಚೆ ಗವಿ. ಗವಿಯ ಬಾಗಿಲಲ್ಲಿ ಮುತ್ತುಗದ ಮರ, ಒಳಗೆ ಬೀಸುವ ಕಲ್ಲು, ಅದರ ಪಕ್ಕದಲ್ಲಿ ರಾಗಿಯ ರಾಶಿ. ಅದು ರಾಗಿಯಲ್ಲ, ಸುರಗಿಪುರದವರ ಆಯಸ್ಸು. ಹಾಡು ಕೇಳುತ್ತ ಕೂತವರ ದಿನಗಳು ಕಾಳುಕಾಳಾಗಿ ಮೇಲಿನಿಂದ ಉದುರುತ್ತಿದ್ದವು. ದೀರ್ಘಕಂಠ ಅದನ್ನು ಬೀಸಿ, ಮುದ್ದೆ ಮಾಡಿ ತಿಂದು ದಿನದಿನಕ್ಕೂ ಹರೆಯದವನಾಗುತ್ತಿದ್ದ. ಮೂಲೆಯ ಪಂಜರದಲ್ಲಿ ಒಂದು ಪುಟ್ಟ ಹಕ್ಕಿ ಬಿಡುವಿಲ್ಲದೆ ಹಾಡುತ್ತಿತ್ತು. ಎಲ್ಲ ಗಾಜಿನ ಪೆಟ್ಟಿಗೆಗಳಿಂದ ಬರುತ್ತಿದ್ದದ್ದು ಅದರ ದನಿಯೇ.

"ಬಂದೆಯಾ? ಆ ಹಕ್ಕಿಗೆ ಹಾಡು ನಿಲ್ಲಿಸುವುದು ಹೇಗೆಂದೇ ಮರೆಸಿಬಿಟ್ಟಿದ್ದೇನೆ" ಎಂದು ನಕ್ಕ ದೀರ್ಘಕಂಠ. "ನೀನೂ ಕೂತು ಕೇಳು."

ಕೇಳುತ್ತಿದ್ದಂತೆ ಮೈಲಾರಿಯ ಪಾದಗಳು ಮರವಾಗತೊಡಗಿದವು. ಅವ್ವನಿಗೆ ಈಗ ಎದೆಯವರೆಗೆ ಏರಿರಬೇಕು ಎನ್ನಿಸಿ ಅವನು ತಟ್ಟನೆ ಬಾಗಿಲ ಕಡೆ ಕೈ ಚಾಚಿದ. ಬಗ್ಗಿದ್ದ ಕೊಂಬೆಯಿಂದ ಮುತ್ತುಗದ ಎಲೆ ಕಿತ್ತು ದೊನ್ನೆಯಂತೆ ಸುತ್ತಿ, ತುದಿಗೆ ಮುಳ್ಳು ಚುಚ್ಚಿದ. ಪ್ಲೇಟನ್ನು ಬೀಸುವ ಕಲ್ಲಿನ ಮೇಲಿಟ್ಟ. ಅವ್ವ ರಾಗಿ ಬೀಸುವಾಗ ಕೈ ಹೇಗೆ ತಿರುಗುತ್ತಿತ್ತು ಎಂದು ನೆನೆಸಿಕೊಂಡು, ಒಂದು ಕೈಯಲ್ಲಿ ಕಲ್ಲು ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ದೊನ್ನೆಯನ್ನು ಪ್ಲೇಟಿಗೆ ಮುಟ್ಟಿಸಿದ.

ಹಾಡು ಬಂತು. ಗರಗರ, ಚಟಪಟ, ನಡುವೆ ಆ ಹೆಂಗಸಿನ ದನಿ.

"ಇದೂ ಒಂದು ಹಾಡೇ? ಹುರಿಯುವ ಕಡಲೆಯ ಸದ್ದು!" ಎಂದು ದೀರ್ಘಕಂಠ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವುದರಲ್ಲಿ ತಡೆಯುವುದನ್ನೇ ಮರೆತ.

ಹಾಡು ಕೊನೆಗೆ ಬಂತು. "ಅಬ್ಬಾ!" ಎಂದಿತು ದೊನ್ನೆ. ಪಂಜರದ ಹಕ್ಕಿ ಕತ್ತು ಹೊರಳಿಸಿತು. ಹಾಡು ಮುಗಿಯಬಹುದು, ಮುಗಿದ ಮೇಲೆ ಉಸಿರು ಬಿಡಬಹುದು ಎಂದು ಅದಕ್ಕೆ ನೆನಪಾಯಿತು. ತಾನೂ "ಅಬ್ಬಾ!" ಎಂದು ಸುಮ್ಮನಾಯಿತು.

ಮೈಲಾರಿ ಕೈಮುಗಿದು, ಆ ಹೆಂಗಸಿಗೂ ಹಕ್ಕಿಗೂ ಸೇರಿಸಿ, "ಹಾಡಿದವರು ಸುಖವಾಗಿರಲಿ" ಎಂದ.

ಪಂಜರ ಕಳಚಿ ಬಿತ್ತು. ಮೈಲಾರಿಯ ಪಾದಗಳು ಮೊದಲಿನಂತಾದವು. ರಾಶಿಯ ಕಾಳುಗಳು ಹಾರಿ ಸುರಗಿಪುರದ ಕಡೆ ಹೋದವು. ದೀರ್ಘಕಂಠ ತಿಂದದ್ದೆಲ್ಲ ಹೊರಬಂದು, ಅವನು ಕಣ್ಣೆದುರಿಗೇ ಹಲ್ಲಿಲ್ಲದ ಮುದುಕನಾಗಿ, ಮಂತ್ರಗಳನ್ನೆಲ್ಲ ಮರೆತು ಅಳುತ್ತ ಕೂತ. ಮೈಲಾರಿಗೆ ಅವನನ್ನು ಬಿಟ್ಟುಹೋಗಲು ಮನಸ್ಸಾಗಲಿಲ್ಲ, ಜೊತೆಗೆ ಕರೆತಂದ.

ದಾರಿಯಲ್ಲಿ ಹೆಬ್ಬಾವು, "ನಿನ್ನ ಪೆಟ್ಟಿಗೆ ತಗೋ. ನನ್ನ ತಮ್ಮ ಮಾತೇ ಆಡುವುದಿಲ್ಲ" ಎಂದಿತು. ಹುಲಿಯೂ ಕಹಳೆ ಹಿಂದಿರುಗಿಸಿತು. ಮರಿ ದಿನವಿಡೀ ಅದನ್ನು ಊದಿ ಎರಡೂ ತಲೆಗಳಿಗೆ ತಲೆನೋವಂತೆ.

ಮೈಲಾರಿ ಮನೆಗೆ ಓಡಿದ. ಸಾತವ್ವ ಕಾಲು ನೀವಿಕೊಳ್ಳುತ್ತ ಕೂತಿದ್ದಳು. ಮಗನನ್ನು ಕಂಡವಳೇ, "ಪ್ಲೇಟು ಎಲ್ಲೋ?" ಎಂದು ಏಳಹೋದಳು.

"ಕೂತಿರವ್ವಾ" ಎಂದ ಮೈಲಾರಿ. ಕಹಳೆ ಸಿಕ್ಕಿಸಿ ಪ್ಲೇಟು ಇಟ್ಟ. ಒಂದು ಮಗ್ಗುಲು ಮುಗಿಯಿತು. ಹರಕೆಯ ಮಾತು ಆಯಿತು. ಅವನೇ ಎದ್ದು ಕೀಲಿ ತಿರುಗಿಸಿದ, ಮಗುಚಿದ, ಒಲೆಯ ಮೇಲಿನ ಹಾಲನ್ನೂ ನೋಡಿಕೊಂಡ.

ಸಾತವ್ವ ಕಣ್ಣರಳಿಸಿದಳು. "ಅಯ್ಯೋ ಮಗಾ! ಈ ಹಾಡು ಶುರುವಾಗೋದು ಹೀಗೇನೋ? ನಾನು ಕೇಳೇ ಇರಲಿಲ್ಲವಲ್ಲೋ!"

ಮೈಲಾರಿಗೆ ಅಳು ತಡೆಯಲಾಗಲಿಲ್ಲ. ಅವ್ವನ ಕಾಲ ಬಳಿ ಕೂತು ಕೊನೆಯವರೆಗೂ ಕೇಳಿದ.

ಹಕ್ಕಿ ಸುರಗಿಮರದಲ್ಲಿ ಗೂಡು ಕಟ್ಟಿಕೊಂಡು, ಮನಸ್ಸು ಬಂದಾಗ ಮಾತ್ರ ಹಾಡುತ್ತಿತ್ತು. ಅದು ಹಾಡಿದಾಗ ಗಾಜಿನ ಪೆಟ್ಟಿಗೆಗಳೂ ಅದರ ಜೊತೆ ಹಾಡಿ, ಜೊತೆಗೇ ನಿಲ್ಲುತ್ತಿದ್ದವು. ಜನ ಅವನ್ನು ಹಳೆಯ ಪೆಟ್ಟಿಗೆಗಳ ಪಕ್ಕದಲ್ಲೇ ಇಟ್ಟುಕೊಂಡು ಎರಡನ್ನೂ ಆಸೆಯಿಂದ ಕೇಳಿದರು. ದೀರ್ಘಕಂಠನಿಗೆ ಅರಮನೆಯಲ್ಲಿ ಪ್ಲೇಟು ಮಗುಚುವ ಕೆಲಸ ಸಿಕ್ಕಿತು, ಹೊಟ್ಟೆ ತುಂಬ ಮುದ್ದೆಯೂ ಸಿಕ್ಕಿತು. ಅಂದಿನಿಂದ ಸುರಗಿಪುರದವರೆಲ್ಲ ನಗುನಗುತ್ತ ಬಾಳಿದರು. ಹಾಡು ಮುಗಿದಾಗಲೆಲ್ಲ ಕೈಮುಗಿದು ಅವರು ಹೇಳುತ್ತಿದ್ದದ್ದು ಇಷ್ಟು: "ಹಾಡಿದವರು ಸುಖವಾಗಿರಲಿ, ಎದ್ದು ಮಗುಚಿದವರೂ ಸುಖವಾಗಿರಲಿ."