ಬರ್ತೀನಿ ಅಂದವರ ಪಾಳಿ

“ಹುಲಿಗೆಮ್ಮ, ನೀವು ಮಾತಿಗೆ ತಪ್ಪಿದ್ದೀರಿ. ನಿಮಗೆ ಬಾಗಿಲು ತೆರೆಯುವುದಿಲ್ಲ.”

ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರ ಗೇಟಿನ ಕಂಬದಲ್ಲಿ ಕೂತಿದ್ದ ಯಂತ್ರ ಬೆಳಬೆಳಗ್ಗೆ ಹೀಗೆಂದಾಗ ಹುಲಿಗೆಮ್ಮನ ಪಿತ್ತ ನೆತ್ತಿಗೇರಿತು.

ಆ ಯಂತ್ರದ ಹೆಸರು ‘ಪಾಳಿಗಾರ’. ಯಾರು ಹಗಲಿಗೆ, ಯಾರು ರಾತ್ರಿಗೆ ಎಂದು ಮೇಸ್ತ್ರಿ ಕೂಗಿ ಹೇಳುತ್ತಿದ್ದ ಕಾಲ ಮುಗಿದಿತ್ತು. ಕೆಲಸಗಾರರ ಒಪ್ಪಿಗೆಯಿಲ್ಲದೆ ಪಾಳಿ ಹಾಕಕೂಡದೆಂದು ಕಾನೂನು ಬಂದಿತ್ತು. ಆ ಒಪ್ಪಿಗೆಯನ್ನು ಬಾಯಿಮಾತಿನಲ್ಲೇ ಹಿಡಿಯಲು ಸುಗುಣಾ ನಾವಡ ಎಂಬ ವಿಜ್ಞಾನಿ ‘ಧ್ವನಿಸಮ್ಮತಿ’ ಎಂಬ ವಿದ್ಯೆಯನ್ನು ಕಂಡುಹಿಡಿದಿದ್ದರು. ಗೇಟಿನಲ್ಲಿ ಆಡಿದ್ದನ್ನೆಲ್ಲ ಯಂತ್ರ ಕೇಳುತ್ತದೆ, ಆಡಿದವರು ಯಾರೆಂದು ದನಿಯಿಂದಲೇ ಗುರುತಿಸುತ್ತದೆ, ಬರಲು ಒಪ್ಪಿದವರನ್ನು ಆಳು ಕಡಿಮೆಯಿರುವ ಪಾಳಿಗೆ ಹಾಕುತ್ತದೆ. ಒಪ್ಪಿ ಬಾರದವರಿಗೆ ಕೆಲಸವಿಲ್ಲ. ಹೆಂಗಸರು ಮಾತ್ರ ಅದನ್ನು ‘ಪಾಳೇಗಾರ’ ಎಂದೇ ಕರೆಯುತ್ತಿದ್ದರು. ತಪ್ಪೇನಿತ್ತು?

ಕೆಲಸ ಹೋದರೆ ಹುಲಿಗೆಮ್ಮನಿಗೆ ಹೋಗುವುದು ಬರೀ ಕೆಲಸವಲ್ಲ. ಅವಳ ಗಂಡನಿಗೆ ವಾರವಾರ ಡಯಾಲಿಸಿಸ್ ಆಗಬೇಕು. ಕಾರ್ಖಾನೆಯ ಕಾರ್ಡು ಇದ್ದರಷ್ಟೇ ಆಸ್ಪತ್ರೆಯಲ್ಲಿ ಅವನಿಗೆ ಹಾಸಿಗೆ.

ಅಂದು ಯಂತ್ರದ ತಪಾಸಣೆಗೆಂದು ಗೇಟಿಗೆ ಬಂದಿದ್ದ ಸುಗುಣಾ ನಾವಡರ ಎದುರು ಅವಳು ಸೀದಾ ಹೋಗಿ ನಿಂತಳು. “ನಿನ್ನಿ ಹಗಲೆಲ್ಲಾ ಹೊಲದೀನಿ ಮೇಡಮ್ಮಾರೆ. ಮತ್ತ ರಾತ್ರಿ ಪಾಳಿಗೆ ಬರ್ತೀನಂತ ನಾ ಯಾವಾಗ ಒಪ್ಪಿದೆ?”

“ಒಪ್ಪದೆ ಯಂತ್ರ ಹೆಸರು ಹಾಕುವುದಿಲ್ಲಮ್ಮ. ಬೇಕಾದರೆ ಕೇಳಿ,” ಎಂದು ನಾವಡರು ಗುಂಡಿ ಒತ್ತಿದರು.

ಹುಲಿಗೆಮ್ಮನದೇ ದನಿ ಬಂತು. ಹಿಂದಿನ ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟಾಗ ಗೆಳತಿಗೆ ಹೇಳಿದ ಮಾತು: “ಬರ್ತೀನವಾ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಾವಡರ ಮುಖ ಕೆಂಪಾಯಿತು. ಅಂದು ಬೆಳಿಗ್ಗೆ ತಾವೂ ಅಮ್ಮನಿಗೆ ಅದನ್ನೇ ಹೇಳಿ ಹೊರಟಿದ್ದರು. “ಅಯ್ಯೋ ದೇವರೇ! ‘ನಾಳೆ ಬರ್ತೀಯಾ’ ಅಂದರೆ ‘ಬರ್ತೀನಿ’ ಅನ್ನುವುದನ್ನು ಕಲಿಸಿದೆವು. ಹೊರಡುವಾಗಿನ ಬರ್ತೀನಿ ನಮಗೆ ಹೊಳೆಯಲೇ ಇಲ್ಲ.”

ಮಾಲೀಕ ಜಂಬಣ್ಣ ಸಾಹುಕಾರರಿಗೆ ಸುದ್ದಿ ಮುಟ್ಟಿತು. ಮನುಷ್ಯನಾದವನು ತಪ್ಪಾಯಿತು ಅನ್ನಬೇಕು. ಇವರೋ ಗೇಟಿಗೆ ಬಂದು ಹಲ್ಲು ಕಿರಿದರು. ಪುಕ್ಕಟೆ ಒಪ್ಪಿಗೆ ಸಿಗುತ್ತಿರುವಾಗ ಯಂತ್ರ ತಿದ್ದಲು ಅವರಿಗೇನು ಹುಚ್ಚೇ?

“ಯಂತ್ರ ಸರಿ ಐತಿ. ಬರೂದಿಲ್ಲಾಂದ್ರ ‘ಹೋಗ್ತೀನಿ’ ಅನ್ರಿ. ಬಾಯಿ ಸವೀತದೇನು?”

“ಹೋಗ್ತೀನಿ ಅನ್ನಾಕ ನಾವೇನು ಸಾಯಾಕ ಹೊಂಟೀವೇನ್ರಿ?” ಹುಲಿಗೆಮ್ಮ ದನಿ ಏರಿಸಿದಳು. “ಮನ್ಯಾಗ ಜಡ್ಡಾಗಿ ಮಲಗಿದ ಗಂಡನ್ನ ಇಟಗೊಂಡು ಆ ಮಾತು ನನ್ನ ಬಾಯಾಗ ಬರ್ತದೇನು? ನಿಮ್ಮ ಮನ್ಯಾಗ ಹಂಗಂತೀರೇನು?”

ಸಾಹುಕಾರರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಗೇಟಿನ ಹೊರಗೇ ಉಳಿದಳು.

ಅಂದು ಸಂಜೆ ಪಾಳಿ ಬಿಟ್ಟಾಗ ಹೆಂಗಸರು ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಹೊರಬಂದರು. ಸಾವಿನ ಮನೆಯಿಂದ ಹಾಗೆ ಏಳುವುದು ನಮ್ಮಲ್ಲಿ ವಾಡಿಕೆ; ಅಲ್ಲಿ ಬರ್ತೀನಿ ಅನ್ನುವಂತಿಲ್ಲ, ಹೋಗ್ತೀನಿ ಅನ್ನುವಂತಿಲ್ಲ. ಗೇಟಿನ ಹೊರಗೆ ನಿಂತಿದ್ದ ಹುಲಿಗೆಮ್ಮನ ಭುಜ ಮುಟ್ಟಿ ಮುಟ್ಟಿ ಮುಂದೆ ನಡೆದರು. ಅವಳು ಅತ್ತೇಬಿಟ್ಟಳು.

ಪಾಳಿಗಾರ ಕಿವಿ ತೆರೆದುಕೊಂಡು ಕಾದದ್ದೇ ಬಂತು. ಆದರೆ ಸಾಹುಕಾರರು ಕಾರು ಹತ್ತುವ ಮುನ್ನ ನಾವಡರಿಗೆ ಗೇಟಿನಲ್ಲೇ ಕೂಗಿ ಹೇಳಿದ್ದರು: “ಯಂತ್ರ ಮುಟ್ಟಿದ್ರ ನೋಡ್ರಿ ಮತ್ತ! ಬರ್ತೀನಿ.”

ಹೆಂಗಸರಲ್ಲಿ ಬರ್ತೀನಿ ಅಂದವರೇ ಇಲ್ಲದ್ದರಿಂದ ಮರುದಿನ ಬೆಳಿಗ್ಗೆ ಯಾರಿಗೂ ಗೇಟು ತೆರೆಯಲಿಲ್ಲ. ಸಾಹುಕಾರರ ಕಾರು ಬಂದು ನಿಂತಿತು. ಪಾಳಿಗಾರ ಗಂಟಲು ಸರಿಮಾಡಿಕೊಂಡಿತು.

“ಜಂಬಣ್ಣ, ರಾತ್ರಿ ಪಾಳಿಯ ಎಲ್ಲ ಹೊಲಿಗೆ ಯಂತ್ರಗಳಿಗೂ ಒಪ್ಪಿದವರು ನೀವೊಬ್ಬರೇ. ನೀವು ಮಾತಿಗೆ ತಪ್ಪಿದ್ದೀರಿ. ನಿಮಗೆ ಬಾಗಿಲು ತೆರೆಯುವುದಿಲ್ಲ.”

“ಏಯ್, ನಾ ಯಾವಾಗ ಒಪ್ಪಿದೆ?” ಸಾಹುಕಾರರು ಕಂಬಕ್ಕೆ ಗುದ್ದಿದರು. ಯಂತ್ರ ಅವರದೇ ದನಿಯನ್ನು ಅವರಿಗೆ ಕೇಳಿಸಿತು.

ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. “ಹೋಗ್ತೀನಿ ಅನ್ನಬೇಕಿತ್ರಿ, ಸಾಹುಕಾರ್ರ. ಬಾಯಿ ಸವೀತಿತ್ತೇನು?”

ಹೆಂಗಸರು ಘೊಳ್ಳೆಂದರು. ಒಳಗೆ ಲಾರಿಗೆ ಹೋಗಬೇಕಾದ ಮಾಲು ಅರ್ಧಕ್ಕೇ ನಿಂತಿತ್ತು, ಹೊರಗೆ ಸಾಹುಕಾರರಿಗೇ ಬಾಗಿಲಿಲ್ಲ. ಕೊನೆಗೆ ಅವರು ನಾವಡರತ್ತ ತಿರುಗಿ, “ತಿದ್ರೀ ತಾಯಿ,” ಎಂದರು.

“ಮೊದಲು ಹುಲಿಗೆಮ್ಮನ ಹೆಸರು ತಿದ್ದುತ್ತೇನೆ. ಆಮೇಲೆ ನಿಮ್ಮದು,” ಎಂದರು ನಾವಡರು. ಇನ್ನು ಮುಂದೆ ಕೆಲಸಕ್ಕೆ ಕೂರುವಾಗಲೇ ಪ್ರತಿಯೊಬ್ಬರನ್ನೂ ನೇರವಾಗಿ ಕೇಳಿ ಒಪ್ಪಿಗೆ ಪಡೆಯುವಂತೆ ಯಂತ್ರಕ್ಕೆ ಕಲಿಸಿದರು. ಇನ್ನೂ ಏನನ್ನೋ ಕಲಿಸಿದರು, ಅದನ್ನು ಯಾರಿಗೂ ಹೇಳಲಿಲ್ಲ.

ಆ ಸಂಜೆ ಹುಲಿಗೆಮ್ಮ ಆಸ್ಪತ್ರೆಯ ಕಾರ್ಡನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೊರಟಳು. ಗೇಟಿನಲ್ಲಿ ನಿಂತು, ಬೇಕೆಂದೇ, ಇಡೀ ಬೀದಿಗೆ ಕೇಳುವಂತೆ ಹೇಳಿದಳು: “ಬರ್ತೀನಿ!”

ಕಂಬ ಉತ್ತರ ಕೊಟ್ಟಿತು: “ಹೋಗಿ ಬಾರವ್ವಾ.”