ಲಿಫ್ಟ್ ತಾತ ಮನೆಗೆ ಕರೆದದ್ದು

"ನೂಕಬೇಡಿ ಅಂಕಲ್, ಮಿಕ್ಸಿ ಬೀಳತ್ತೆ!"

ಕಡ್ಡಿ ಮಿಕ್ಸಿಯನ್ನು ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತಳು. ಲಿಫ್ಟ್ ತಾತನ ಮನೆಯ ಮುಂದಿನ ಕೋಣೆ ತೀರಾ ಪುಟ್ಟದು. ಅದರಲ್ಲಿ ಈಗ ಬ್ಯಾಂಕ್ ಅಂಕಲ್, ಅವರ ಇಸ್ತ್ರಿ ಪೆಟ್ಟಿಗೆ, ಟೀಚರ್ ಆಂಟಿ, ಅವರ ಟೇಬಲ್ ಫ್ಯಾನು, ಎಲ್ಲರ ಹಿಂದೆ ಕಡ್ಡಿ. ಉಸಿರಾಡುವುದಕ್ಕೂ ಕ್ಯೂ ನಿಲ್ಲಬೇಕು ಎನ್ನುವ ಹಾಗಿತ್ತು.

ಕಡ್ಡಿ ಅವಳ ನಿಜವಾದ ಹೆಸರಲ್ಲ. ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲವೆಂದು ಅಪ್ಪ ತಮಾಷೆಗೆ ಕರೆದದ್ದು ಶಾಲೆಯವರೆಗೂ ಹೋಗಿ ಅಲ್ಲೇ ಉಳಿದುಬಿಟ್ಟಿತ್ತು. ಲಿಫ್ಟ್ ತಾತನಿಗೂ ಒಂದು ನಿಜವಾದ ಹೆಸರು ಇದ್ದೇ ಇರಬೇಕು. ಆದರೆ ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ರಿಟೈರ್ ಆದವರನ್ನು ಮಕ್ಕಳು ಬೇರೆ ಏನೆಂದು ಕರೆದಾರು? ಕಡ್ಡಿಯ ಮನೆಯ ಕೆಳಗಿನ ಮಹಡಿಯಲ್ಲಿ ಅವರು ಒಬ್ಬರೇ ಇದ್ದರು. ಅವರ ಮನೆಯಿಂದ ರೇಡಿಯೋ ಸದ್ದು ಬಿಟ್ಟರೆ ಬೇರೆ ಮಾತು ಕೇಳಿಸುತ್ತಿರಲಿಲ್ಲ.

ಹೋದ ವಾರ ಎದುರಿಗೆ ಸಿಕ್ಕವರಿಗೆಲ್ಲ ತಾತ ಒಂದೇ ಮಾತು ಹೇಳಿದ್ದರು: "ಭಾನುವಾರ ಸಂಜೆ ಮನೆ ಕಡೆ ಬನ್ನಿ. ನಾನು ಬಿಡುವಾಗಿರ್ತೀನಿ."

ಎಲ್ಲರಿಗೂ ಖುಷಿಯೋ ಖುಷಿ. ತಾತ ಬಿಡುವಾಗಿದ್ದಾರೆ ಎಂದರೆ ಕೇಳಬೇಕೆ! ಮನೆಮನೆಯಲ್ಲೂ ಕೆಟ್ಟು ಕೂತದ್ದೆಲ್ಲ ಮೂಲೆ ಬಿಟ್ಟು ಹೊರಬಂದಿತು.

ಅಮ್ಮನಂತೂ ಬಾಗಿಲಲ್ಲೇ ಬೆರಳು ತೋರಿಸಿ ಹೇಳಿದ್ದಳು: "ರಾತ್ರಿ ಊಟಕ್ಕೆ ನಿಮ್ಮತ್ತೆ ಮನೆಯವರು ಬರ್ತಿದ್ದಾರೆ. ಮಿಕ್ಸಿ ಸರಿ ಮಾಡಿಸ್ಕೊಂಡೇ ಬಾ. ಅಲ್ಲಿ ಇಲ್ಲಿ ಬಾಯಿಬಿಟ್ಕೊಂಡು ನಿಂತ್ಯೋ, ನೋಡು ಮತ್ತೆ!"

ತಾತ ನೆಲದ ಮೇಲೆ ಕೂತು ಇಸ್ತ್ರಿ ಪೆಟ್ಟಿಗೆಯನ್ನು ಬಿಚ್ಚಿದ್ದರು. ಮೈಮೇಲೆ ಗರಿಗರಿಯಾದ ಬಿಳಿ ಶರ್ಟು. ರಿಪೇರಿಗೆ ಕೂರುವವರು ಬಿಳಿ ಶರ್ಟು ಯಾಕೆ ಹಾಕಿಕೊಳ್ಳುತ್ತಾರೆ ಎಂದು ಕಡ್ಡಿಗೆ ಅರ್ಥವಾಗಲಿಲ್ಲ. ತೋಳಿಗೆ ಆಗಲೇ ಮಸಿ ಮೆತ್ತಿಕೊಂಡಿತ್ತು.

ಟೀಪಾಯಿಯ ಮೇಲೆ ತಟ್ಟೆ ತುಂಬ ಬಿಸ್ಕತ್ತು ಇಟ್ಟಿದ್ದರು. "ಇದೆಲ್ಲ ಯಾಕೆ ಸಾರ್?" ಎನ್ನುತ್ತಲೇ ಬ್ಯಾಂಕ್ ಅಂಕಲ್ ಇನ್ನೊಂದನ್ನು ಬಾಯಿಗೆ ಹಾಕಿಕೊಂಡರು.

ತಾತ ಕೊನೆಯ ಸ್ಕ್ರೂ ಬಿಗಿದು ಪೆಟ್ಟಿಗೆಯನ್ನು ಅವರ ಕೈಗಿತ್ತರು. "ಬಿಸಿ ಆಗತ್ತೆ ಈಗ. ಹಾಗೇ... ಒಂದ್ನಿಮಿಷ ಒಳಗೆ ಬಂದಿದ್ರೆ, ಒಂದೆರಡು..."

"ಇನ್ನೊಂದಿನ ಸಾರ್, ಖಂಡಿತ! ಮ್ಯಾಚ್ ಶುರುವಾಗೋ ಹೊತ್ತು." ಅಂಕಲ್ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

"ಸರಿ, ಸರಿ" ಎಂದರು ತಾತ, ಖಾಲಿ ಬಾಗಿಲಿಗೆ. ಆಮೇಲೆ ಫ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡರು.

ನಿಂತು ನಿಂತು ಕಡ್ಡಿಗೆ ಬಾಯಾರಿತು. "ತಾತಾ, ನೀರು ಕುಡೀಲಾ?"

"ಒಳಗಿದೆ, ಕುಡಿ ಮಗು" ಎಂದರು ತಾತ, ತಲೆಯೆತ್ತದೆ.

ಅವಳು ಮಿಕ್ಸಿಯನ್ನು ಬಾಗಿಲ ಬಳಿ ಇಟ್ಟು ಒಳಗೆ ಹೋದಳು. ಅಡುಗೆಮನೆಗೆ ಹೋಗಬೇಕಾದರೆ ಒಳಕೋಣೆಯನ್ನು ದಾಟಬೇಕು. ಅಲ್ಲಿ ಅವಳ ಕಾಲು ನಿಂತುಬಿಟ್ಟಿತು.

ಗೋಡೆಯಿಂದ ಗೋಡೆಗೆ ತಂತಿ ಕಟ್ಟಿತ್ತು. ತಂತಿಗೆ ಬಟ್ಟೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಪೆನ್ಸಿಲ್ ಚಿತ್ರಗಳು. ಎಲ್ಲದರಲ್ಲೂ ಕಾಲುಗಳೇ! ಪಾಲಿಶ್ ಹಾಕಿದ ಬೂಟು, ಹಿಮ್ಮಡಿ ಸವೆದ ಚಪ್ಪಲಿ, ಲೇಸು ಬಿಚ್ಚಿದ ಪುಟ್ಟ ಶೂ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತ ಬರಿಗಾಲು. ಚಪ್ಪಲಿಯ ಕಿತ್ತುಹೋದ ದಾರ ಕೂಡ ಎಣಿಸುವಂತೆ ಕಾಣುತ್ತಿತ್ತು.

ಚಿತ್ರಗಳ ಎದುರು ಕುರ್ಚಿಗಳನ್ನು ಸಾಲಾಗಿ ಹಾಕಿತ್ತು. ಎತ್ತರದ್ದು, ಗಿಡ್ಡದ್ದು, ಒಂದು ಸ್ಟೂಲು, ಬೋರಲು ಹಾಕಿದ ಒಂದು ಬಕೆಟ್ ಕೂಡ. ಮನೆಯಲ್ಲಿ ಕೂರಲು ಬರುವಂಥದ್ದನ್ನೆಲ್ಲ ತಾತ ತಂದಿಟ್ಟಿದ್ದರು. ಮೇಲೆ ಫ್ಯಾನು ತಿರುಗುತ್ತಿತ್ತು. ಒಂದು ಕುರ್ಚಿಯಲ್ಲೂ ಯಾರೂ ಇರಲಿಲ್ಲ.

ಓ! ತಾತ ಕರೆದದ್ದು ಇದಕ್ಕೆ.

ಕಡ್ಡಿಗೆ ತನ್ನದೇ ಒಂದು ದಿನ ನೆನಪಾಯಿತು. ಒಂದು ಸಲ ಕ್ಲಾಸಿನಲ್ಲಿ ಅವಳು ತಾನೇ ಕಟ್ಟಿದ ಕತೆ ಹೇಳಲು ಎದ್ದು ನಿಂತಿದ್ದಳು. ಅಷ್ಟರಲ್ಲಿ ಬೆಲ್ ಹೊಡೆಯಿತು. ಎಲ್ಲರೂ ಬ್ಯಾಗು ಎತ್ತಿಕೊಂಡು ಓಡಿದರು. ಯಾರೂ ಬೇಕೆಂದು ಹಾಗೆ ಮಾಡಿರಲಿಲ್ಲ. ಆದರೂ ಅವಳು ಖಾಲಿ ಬೆಂಚುಗಳ ಮುಂದೆ ಸುಮಾರು ಹೊತ್ತು ನಿಂತೇ ಇದ್ದಳು.

ಅವಳು ನೀರು ಕುಡಿಯುವುದನ್ನೇ ಮರೆತಳು. ಮಿಕ್ಸಿ ಎತ್ತಿಕೊಂಡು ಸದ್ದಿಲ್ಲದೆ ಹೊರಬಿದ್ದಳು. ಮೆಟ್ಟಿಲು ಹತ್ತಿ, ತಮ್ಮ ಮನೆಯ ಹೊರಗಿನ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಅದನ್ನು ಇಟ್ಟಳು. ಒಳಗೆ ಅಮ್ಮ ಪಾತ್ರೆ ಸದ್ದು ಮಾಡುತ್ತಿದ್ದಳು. ಇವತ್ತು ಪೂಜೆ ಗ್ಯಾರಂಟಿ ಅಂದುಕೊಂಡು ಕಡ್ಡಿ ಮತ್ತೆ ಕೆಳಗಿಳಿದಳು.

ಟೀಚರ್ ಆಂಟಿ ಫ್ಯಾನು ಹಿಡಿದು ಹೊರಟಿದ್ದರು. "ಥ್ಯಾಂಕ್ಸ್ ಸಾರ್, ನೀವಿಲ್ದೇ ಹೋಗಿದ್ರೆ ನಮ್ಮ ಗತಿ ಏನು!"

ತಾತ ಖಾಲಿ ತಟ್ಟೆಯ ಪಕ್ಕ ಕೂತು ಕೈ ಒರೆಸಿಕೊಳ್ಳುತ್ತಿದ್ದರು. ಈಗ ಅವರು ತುಂಬಾ ಮುದುಕರಾಗಿ ಕಂಡರು.

"ಬಾ ಮಗು. ಎಲ್ಲಿ ನಿನ್ನ ಮಿಕ್ಸಿ?"

"ಅದು... ಸರಿಹೋಯ್ತು ತಾತ."

"ತಾನಾಗೇ?"

"ಹ್ಞೂಂ."

"ಅಲ್ಲಮ್ಮಾ, ನಾನು ಜೀವಮಾನವಿಡೀ ಮಿಷೀನುಗಳ ಜೊತೆ ಕಳೆದೋನು. ತಾನಾಗೇ ಸರಿಹೋಗಿದ್ದು ಒಂದನ್ನೂ ನೋಡಿಲ್ಲ."

"ನಮ್ಮನೇದು ಹಾಗೇ, ಸ್ವಲ್ಪ ಮೂಡಿ" ಎಂದಳು ಕಡ್ಡಿ. ಮುಖ ಬಿಸಿಯಾಯಿತು. "ನಾನು ಚಿತ್ರ ನೋಡೋಕೆ ಬಂದೆ."

ತಾತ ನಿಧಾನವಾಗಿ ಎದ್ದರು. ಮಸಿ ಕಾಣದ ಹಾಗೆ ಶರ್ಟಿನ ತೋಳು ಮಡಚಿದರು. ಕೂದಲ ಮೇಲೆ ಕೈಯಾಡಿಸಿಕೊಂಡು ಅವಳ ಮುಂದೆ ಒಳಕೋಣೆಗೆ ನಡೆದರು.

"ಕಾಲು ಮಾತ್ರ ಯಾಕೆ ತಾತ?"

"ಲಿಫ್ಟಿನ ಕೆಳಗೊಂದು ಗುಂಡಿ ಇರತ್ತೆ. ಅದರಲ್ಲಿ ಇಳಿದು ನಿಂತ್ರೆ, ಹೊರಗಿನ ನೆಲ ಸರಿಯಾಗಿ ನನ್ನ ಮೂಗಿನ ಹತ್ರ. ಹೋಗೋರು ಬರೋರದ್ದೆಲ್ಲ ಕಾಲೇ ಕಾಣೋದು. ಮನೆಗೆ ಬಂದು ಅದನ್ನೇ ಬಿಡಿಸ್ತಿದ್ದೆ. ಇಗೋ, ಈ ಬೂಟುಗಳು ದಿನಾ ನನ್ನ ಬೈತಿದ್ವು, 'ಏನ್ರೀ, ಇನ್ನೂ ಆಗ್ಲಿಲ್ವಾ?' ಅಂತ."

ಕಡ್ಡಿ ಕಿಸಕ್ಕನೆ ನಕ್ಕಳು. ತಾತನೂ ನಕ್ಕರು.

"ಇದು? ಈ ಪುಟ್ಟ ಶೂ?"

"ಅದು ಯಾವಾಗ್ಲೂ ದೊಡ್ಡ ಚಪ್ಪಲಿ ಜೊತೆ ಕುಣೀತಾ ಬರೋದು. ಆಮೇಲಾಮೇಲೆ ದೊಡ್ಡ ಚಪ್ಪಲಿ ಒಂದೇ ಬರ್ತಿತ್ತು. ಯಾಕೋ ಏನೋ. ಕೇಳೋಣ ಅನ್ನಿಸ್ತಿತ್ತು."

"ಕೇಳಲಿಲ್ವಾ? ಅವರ ಮುಖ ಹೇಗಿತ್ತು?"

"ಯಾರ ಮುಖಾನೂ ಗೊತ್ತಿಲ್ಲ ಮಗು. ನಾನು ತಲೆ ಎತ್ತೋಷ್ಟರಲ್ಲಿ ಹೋಗಿಬಿಡೋರು. ಬಗ್ಗಿ ನೋಡೋಕೆ ಯಾರಿಗೆ ಪುರಸೊತ್ತು?"

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಅಮ್ಮನ ದನಿ ಇಡೀ ಕಟ್ಟಡಕ್ಕೆ ಕೇಳಿಸಿತು: "ಕಡ್ಡೀ! ಮಿಕ್ಸೀನ ಇಲ್ಲಿ ಬಚ್ಚಿಟ್ಟು ಎಲ್ಲಿ ಹಾಳಾಗಿ ಹೋದ್ಯೇ?"

ತಾತ ಅವಳನ್ನೇ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಹೋಗಿ ತಗೊಂಬಾ. ಎರಡೇ ನಿಮಿಷದ ಕೆಲಸ, ಮಾಡ್ಕೊಡ್ತೀನಿ. ಅಮ್ಮ ಬೈತಾರೆ ನೋಡು."

"ಬೈಲಿ ಬಿಡಿ ತಾತ."

ಕಡ್ಡಿ ಸ್ಟೂಲನ್ನು ಚಿತ್ರಗಳ ಹತ್ತಿರಕ್ಕೆ ಎಳೆದು ಕೂತಳು. ಬರಿಗಾಲಿನ ಚಿತ್ರ ಸರಿಯಾಗಿ ಕಾಣಲಿ ಎಂದು ಕತ್ತು ಬಗ್ಗಿಸಿದಳು.

"ಇದು ಯಾರ್ದು? ಹೇಳಿ."

ತಾತ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಹೇಳತೊಡಗಿದರು.